ವೀಡಾಳ ತಪ್ಪಿಲ್ಲದ ಮುಯ್ಯಿ ಪಟ್ಟಿ

ಅಲಬಾಮಾದ ಟಾಲ್ಸನ್ ಫೆರಿಯಲ್ಲಿ ಯಾವ ಹುಡುಗಿಯ ಮದುವೆ ಗೊತ್ತಾದರೂ ಮೊದಲ ಫೋನು ಹೋಗುತ್ತಿದ್ದದ್ದು ಪಾದ್ರಿಗೆ, ಎರಡನೆಯದು ವೀಡಾ ಪ್ರೂವಿಟ್‌ಗೆ. ಪಾದ್ರಿ ಸಿಗದಿದ್ದರೆ ಪಕ್ಕದ ಊರಿನಿಂದ ಇನ್ನೊಬ್ಬನನ್ನು ಕರೆಸಬಹುದು. ವೀಡಾ ಇಲ್ಲದೆ ಶವರ್ ನಡೆಯುವುದಾದರೂ ಹೇಗೆ? ಮದುವೆಗೆ ಎರಡು ತಿಂಗಳಿರುವಾಗ ಹೆಂಗಸರೆಲ್ಲ ಒಂದು ಮನೆಯಲ್ಲಿ ಸೇರಿ ಮದುಮಗಳ ಮೇಲೆ ಉಡುಗೊರೆ ಸುರಿಯುವ ಆ ಮಧ್ಯಾಹ್ನದಲ್ಲಿ ಯಾರು ಏನು ಕೊಟ್ಟರೆಂದು ಬರೆದುಕೊಳ್ಳಬೇಕಲ್ಲ. ಆ ಮುಯ್ಯಿ ಪಟ್ಟಿ ಬರೆಯುವ ಕೆಲಸ ಮೂವತ್ತೊಂದು ವರ್ಷದಿಂದ ವೀಡಾಳದ್ದು. ಮದುಮಗಳ ಬಲಗಡೆ ಒಂದು ಕುರ್ಚಿ, ತೊಡೆಯ ಮೇಲೆ ಹಸಿರು ರಟ್ಟಿನ ನೋಟ್‌ಬುಕ್ಕು, ಅದರ ಎಡಪುಟದಲ್ಲಿ ಹೆಸರು, ಬಲಪುಟದಲ್ಲಿ ಉಡುಗೊರೆ.

ಆ ಕುರ್ಚಿ ಅವಳಿಗೆ ಸುಮ್ಮನೆ ಸಿಕ್ಕಿದ್ದಲ್ಲ. ವೀಡಾಳ ಅಪ್ಪ ಬೇರೆಯವರ ಹೊಲದಲ್ಲಿ ಹತ್ತಿ ಬಿಡಿಸಿದವನು, ಗಂಡ ಮರ ಕೊಯ್ಯುವ ಮಿಲ್ಲಿನಲ್ಲಿ ದುಡಿದು ಸತ್ತವನು. ಅವಳು ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತಾರು ವರ್ಷ ಮಕ್ಕಳ ತಟ್ಟೆಗೆ ಬಟಾಣಿ ಬಡಿಸಿದಳು. ಹತ್ತಿಯ ಗಿರಣಿಯ ಯಜಮಾನಿ ಕಾರ್ನೀಲಿಯಾ ಸ್ಟಾಲ್‌ವರ್ತ್ ಮನೆಗೆ ಬೇರೆ ದಿನ ಹೋದರೆ ಅವಳಿಗೆ ಹಿತ್ತಲ ಬಾಗಿಲು. ಶವರ್ ದಿನ ಮಾತ್ರ ಮುಂಬಾಗಿಲು, ಒಳಗೆ ಹೋದ ಕೂಡಲೇ ಯಾರಾದರೂ ಎದ್ದು ಜಾಗ ಬಿಡುವ ಮರ್ಯಾದೆ. ಇದೆಲ್ಲ ಬಂದದ್ದು ಅವಳ ದುಂಡು ಅಕ್ಷರದಿಂದ ಮತ್ತು ಒಂದೂ ತಪ್ಪಿಲ್ಲದ ಪಟ್ಟಿಯಿಂದ.

ಪಟ್ಟಿ ತಪ್ಪಿದರೆ ಧನ್ಯವಾದದ ಕಾಗದ ತಪ್ಪುತ್ತದೆ, ಕಾಗದ ತಪ್ಪಿದರೆ ಹುಡುಗಿಯ ಹೆಸರು ಕೆಡುತ್ತದೆ. ಕುಡುಕ ಗಂಡನನ್ನು ಸಹಿಸಿಕೊಳ್ಳುವ ಊರದು, ಕಾಗದ ಬರೆಯದ ಹೆಂಡತಿಯನ್ನು ಸಹಿಸುವುದಿಲ್ಲ. ಹೊಸ ಮದುಮಕ್ಕಳಿಗೆಲ್ಲ ವೀಡಾ ಪಾಠ ಹೇಳುವಳು. "ಎರಡು ವಾರದೊಳಗೆ ಹೋಗ್ಬೇಕು. ಪಕ್ಕದ ಮನೆಯವರಾದ್ರೂ ಸ್ಟಾಂಪ್ ಹಚ್ಚಿ ಅಂಚೆಗೇ ಹಾಕ್ಬೇಕು, ಬೇಲಿ ಮೇಲಿಂದ ಕೊಡೋ ಹಾಗಿಲ್ಲ. ಕೊಟ್ಟ ಸಾಮಾನಿನ ಹೆಸರು ಹೇಳ್ಬೇಕು. ಅದನ್ನ ಎಲ್ಲಿಡ್ತೀಯ ಅಂತ ಹೇಳ್ಬೇಕು. ಇಷ್ಟವಾಗದಿದ್ರೂ ಇಷ್ಟ ಅನ್ನು, ಅದು ಸುಳ್ಳಲ್ಲ, ಸಂಸ್ಕಾರ." ಕಾಗದ ಪಡೆದವರಿಗೂ ಒಂದು ಕಟ್ಟಳೆ ಇತ್ತು. ಬಂದ ಕಾಗದದ ಬಗ್ಗೆ ಚಕಾರ ಎತ್ತಬಾರದು. ಬರಲಿಲ್ಲವೆಂದು ಕೇಳುವುದು, ತಪ್ಪಾಗಿದೆ ಎನ್ನುವುದು, ಎರಡೂ ಧನ್ಯವಾದವನ್ನು ಭಿಕ್ಷೆ ಬೇಡಿದಂತೆ.

ಎಪ್ಪತ್ತನಾಲ್ಕರ ಏಪ್ರಿಲ್‌ನಲ್ಲಿ ಲಿನೆಟ್ ಹ್ಯಾಡನ್‌ಳ ಶವರ್ ಆಯಿತು. ಹುಡುಗ ಮಾಂಟ್‌ಗಮರಿಯ ವಕೀಲರ ಮನೆಯವನು. ಭಾವೀ ಅತ್ತೆ ಸಂಬಂಧಕ್ಕೆ ಅರೆಮನಸ್ಸಿನಿಂದ ಒಪ್ಪಿದ್ದಾಳೆಂದು ಊರಿಗೆಲ್ಲ ಗೊತ್ತಿದ್ದರಿಂದ ಊರಿನ ಮಾನವೂ ಅಲ್ಲಿ ಪಣಕ್ಕಿತ್ತು. ವೀಡಾಳಿಗೆ ಆ ವರ್ಷ ಅರವತ್ತಮೂರು. ಕನ್ನಡಕ ಬಂದಿತ್ತು, ಕೈಚೀಲದಲ್ಲಿತ್ತು. ಮನೆಯಲ್ಲಿ ಹಾಕುವಳು, ನಾಲ್ಕು ಜನರ ಎದುರಿಗೆ ತೆಗೆಯಳು. ಕುರ್ಚಿಯಲ್ಲಿ ಕೂತ ಮೇಲೆ ಮುದುಕಿಯ ಹಾಗೆ ಕಾಣುವುದು ಅವಳಿಗೆ ಬೇಕಿರಲಿಲ್ಲ.

ಎಂಟು ಉಡುಗೊರೆ ಸರಾಗವಾಗಿ ಆದವು. ಒಂಬತ್ತನೆಯದನ್ನು ಬಿಚ್ಚುವಾಗ ಲಿನೆಟ್‌ಳ ಕೈಯಲ್ಲಿ ರಿಬ್ಬನ್ನು ತುಂಡಾಯಿತು. ಒಂದು ರಿಬ್ಬನ್ನು ಹರಿದರೆ ಒಂದು ಮಗು ಅಂತ ಲೆಕ್ಕ, ಹೆಂಗಸರೆಲ್ಲ ಹೋ ಎಂದು ಕೂಗಿ ನಕ್ಕು ಚಪ್ಪಾಳೆ ಹೊಡೆದರು. ಅದು ಬ್ಯಾಂಕಿನ ಹುಡುಗಿಯರೆಲ್ಲ ಸೇರಿ ಕೊಟ್ಟ ಪಾನಕದ ಗಾಜಿನ ಬೋಗುಣಿ. ಅದರ ಲೋಟಗಳು ಇನ್ನೊಂದು ಡಬ್ಬಿಯಲ್ಲಿದ್ದವು. ಗದ್ದಲದಲ್ಲಿ ನಗುತ್ತ ವೀಡಾ ಬಲಪುಟದಲ್ಲಿ ಒಂದು ಸಾಲಿಗೆ ಬೋಗುಣಿ ಬರೆದಳು, ಮುಂದಿನ ಸಾಲಿಗೆ ಲೋಟ ಬರೆದಳು. ಎಡಪುಟದಲ್ಲಿ ಹೆಸರು ಮಾತ್ರ ಒಂದೇ. ಅಲ್ಲಿಂದ ಕೊನೆಯವರೆಗೆ ಹೆಸರಿಗಿಂತ ಸಾಮಾನು ಒಂದು ಸಾಲು ಕೆಳಗೆ ನಡೆಯಿತು. ಕೊನೆಗೆ ಒಂದು ಜೊತೆ ಟವೆಲ್ಲು ಹೆಸರಿಲ್ಲದೆ ಉಳಿದಾಗ ವೀಡಾ ನಿಟ್ಟುಸಿರುಬಿಟ್ಟು, "ಯಾರೋ ಚೀಟಿ ಅಂಟಿಸೋದು ಮರೆತಿದಾರೆ. ಈಗಿನವರಿಗೆ ಜವಾಬ್ದಾರಿಯೇ ಇಲ್ಲ," ಎಂದು ಪಕ್ಕದವಳಿಗೆ ಹೇಳಿದಳು.

ಲಿನೆಟ್ ವಿಧೇಯ ಹುಡುಗಿ. ಹನ್ನೊಂದನೆಯ ದಿನಕ್ಕೆ ಕಾಗದಗಳೆಲ್ಲ ಮನೆಮನೆಗೆ ತಲುಪಿದವು. ವೀಡಾ ತನ್ನದನ್ನು ಒಡೆದು ಓದಿದಳು. ವಾಫಲ್ ಸುಡುವ ಕರೆಂಟಿನ ಹೆಂಚಿಗಾಗಿ ಧನ್ಯವಾದ, ಭಾನುವಾರ ಬೆಳಿಗ್ಗೆಗಳಲ್ಲಿ ನಿಮ್ಮ ನೆನಪಾಗುತ್ತದೆ, ಎಂದಿತ್ತು. ವೀಡಾ ಹೆಂಚು ಕೊಟ್ಟಿರಲಿಲ್ಲ. ಅವಳು ಕೊಡುವುದು ಯಾವತ್ತೂ ಒಂದೇ, ತಾನೇ ಹೆಣೆದ ಎರಡು ಹಿಡಿಬಟ್ಟೆ, ಬಿಸಿ ಪಾತ್ರೆ ಇಳಿಸುವುದಕ್ಕೆ, ಹಳದಿ ಹೂವಿನ ಸುತ್ತ ಕೆಂಪು ಅಂಚು. ಅಂಥದೊಂದು ಜೊತೆ ತೂಗದ ಅಡುಗೆಮನೆ ಆ ಊರಲ್ಲಿರಲಿಲ್ಲ.

ಕಟ್ಟಳೆಯಂತೆ ಹುಡುಗಿಗೆ ಅವಳು ಏನೂ ಹೇಳಲಿಲ್ಲ. ಕೂದಲು ಗುಂಗುರು ಮಾಡಿಸಿಕೊಳ್ಳಲು ಹೋದ ಪಾರ್ಲರಿನಲ್ಲಿ ಮಾತ್ರ, "ಪಟ್ಟಿ ಕೈಗೆ ಕೊಟ್ರೂ ನೋಡ್ಕೊಂಡು ಬರೆಯೋಕೆ ಬರಲ್ಲ ಈಗಿನ ಹುಡುಗೀರಿಗೆ. ಪಾಪ, ದೇವರು ಲಿನೆಟ್‌ನ ಚೆನ್ನಾಗಿಟ್ಟಿರ್ಲಿ," ಎಂದಳು. ಆ ಊರಿನಲ್ಲಿ ಯಾರನ್ನಾದರೂ ದೇವರು ಚೆನ್ನಾಗಿಡಲಿ ಎಂದರೆ ಅವರ ಕತೆ ಮುಗಿದಂತೆಯೇ. ತಲೆ ತುಂಬ ಸುರುಳಿ ಸುತ್ತಿಕೊಂಡು ಸಾಲಾಗಿ ಕೂತಿದ್ದ ನಾಲ್ವರೂ ಹೌದೌದೆಂದು ತಲೆಯಾಡಿಸಿದರು. ಯಾಕೆಂದರೆ ಅವರಿಗೂ ತಪ್ಪು ಕಾಗದ ಬಂದಿತ್ತು. ಒಟ್ಟು ಹದಿನಾಲ್ಕು ಹೆಂಗಸರಿಗೆ ಬಂದಿತ್ತು. ಪ್ರತಿಯೊಬ್ಬಳೂ ತನಗೊಬ್ಬಳಿಗೇ ಹೀಗಾಗಿದೆ ಎಂದುಕೊಂಡು, ಬಾಯಿ ಬಿಡದೆ, ತನ್ನ ಸಭ್ಯತೆಯನ್ನು ತಾನೇ ಮೆಚ್ಚಿಕೊಂಡಿದ್ದಳು.

ಬಾಯಿ ಬಿಟ್ಟವಳು ಜೆಲ್ಮಾ ಒಬ್ಬಳೇ, ಅದೂ ವೀಡಾಳ ಹತ್ತಿರ. ಜೆಲ್ಮಾ ಎದುರುಮನೆಯವಳು, ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು, ಮಕ್ಕಳಿಲ್ಲದವಳು. ಭಾನುವಾರ ಪ್ರಾರ್ಥನೆ ನಡೆಯುವಾಗ ಚರ್ಚಿನ ಹಿಂದಿನ ಕೋಣೆಯಲ್ಲಿ ಊರವರ ಕೂಸುಗಳನ್ನು ನೋಡಿಕೊಳ್ಳುವವಳು. ಮದುವೆಯಾದವರಿರಲಿ ಆಗದವರಿರಲಿ, ಹತ್ತಿರದ ಹಿರಿಯ ಹೆಂಗಸರನ್ನು ಊರಿನ ಮಕ್ಕಳು ಮಿಸ್ ಎಂದೇ ಕರೆಯುವವು. ಲಿನೆಟ್ ಎರಡು ವರ್ಷದ ತನಕ ಅವಳ ಹೆಗಲ ಮೇಲಲ್ಲದೆ ನಿದ್ದೆ ಮಾಡುತ್ತಿರಲಿಲ್ಲ. ಒಂದು ಸಂಜೆ ಜೆಲ್ಮಾ ಬಂದು ಅಡುಗೆಮನೆಯಲ್ಲಿ ಕೂತು, ಏಪ್ರನ್ನಿನ ಜೇಬಿನಿಂದ ಕಾಗದ ತೆಗೆದಳು.

"ಓದೇ ಇದನ್ನ."

"ಪ್ರೀತಿಯ ಮಿಸ್ ಜೆಲ್ಮಾ, ಚಂದದ ಹಿಡಿಬಟ್ಟೆಗಳಿಗಾಗಿ ಧನ್ಯವಾದ. ಒಲೆಯ ಪಕ್ಕದ ಮೊಳೆಯಲ್ಲಿ ತೂಗುಹಾಕುತ್ತೇನೆ," ಎಂದು ಓದಿದ ವೀಡಾ ನಡುವೆಯೇ ನಿಂತಳು.

"ನಾನು ಕೊಟ್ಟಿದ್ದು ಸೌಟು ಕಣೇ," ಎಂದಳು ಜೆಲ್ಮಾ. "ಬೆಳ್ಳೀದು. ಮದುವೆಗೆ ಬೇಕು ಅಂತ ಅವಳು ಬೆಳ್ಳಿ ಅಂಗಡೀಲಿ ಆರಿಸಿಟ್ಟಿದ್ಲಲ್ಲ, ದ್ರಾಕ್ಷಿ ಬಳ್ಳಿಯ ನಮೂನೆ, ಅದೇ. ಪಾನಕ ಬಡಿಸೋ ದೊಡ್ಡ ಸೌಟು. ಒಂದು ವರ್ಷದಿಂದ ಆ ಅಂಗಡೀಲಿ ಎತ್ತಿಡಿಸಿ ಇಷ್ಟಿಷ್ಟೇ ದುಡ್ಡು ಕಟ್ಟಿದ್ದೆ. ನಿಂಗೂ ಹೇಳ್ಲಿಲ್ಲ. ಕಾಗದ ಬಂದ ಮೇಲೆ ತೋರಿಸೋಣ ಅಂತಿದ್ದೆ."

"ಸೌಟಾ?"

"ಶವರ್ ದಿನ ಲಾಂಡ್ರಿ ಬಿಟ್ಟು ಬರೋಕಾಗ್ಲಿಲ್ಲ, ಡಬ್ಬಿ ಕಳಿಸಿದ್ದೆ. ರಟ್ಟು, ಹಾಳೆ ಎಲ್ಲ ಗುಡಿಸಿ ಹೊರಗೆ ಹಾಕಿರ್ತಾರಲ್ಲ, ಅದರ ಜೊತೆ ಕಸಕ್ಕೆ ಹೋಯ್ತೇನೋ. ಇಲ್ಲಾ, ಇವಳ ಕೈಯಿಂದ ಬೆಳ್ಳಿ ಯಾಕೆ ಅಂತ ಅನ್ನಿಸ್ತೋ. ಕೇಳೋಕಾಗತ್ತಾ ಹೇಳು? ಕೇಳಿದ್ರೆ, ನಾನು ಸೌಟು ಕೊಟ್ಟೆ ಎಲ್ಲಿ ನನ್ನ ಥ್ಯಾಂಕ್ಸು ಅಂತ ಕೈಯೊಡ್ಡಿದ ಹಾಗೆ." ಕಣ್ಣೊರೆಸಿಕೊಂಡು ನಗಲು ನೋಡಿದಳು. "ಎಲ್ಲಿಡ್ತೀನಿ ಅಂತ ಬರೀತಾಳಲ್ಲ, ಆ ಒಂದು ಸಾಲು ಓದ್ಬೇಕು ಅಂತಿತ್ತು ಅಷ್ಟೆ."

ಆಗಲೇ ವೀಡಾ ನಿಜ ಹೇಳಬಹುದಿತ್ತು. ಹಿಡಿಬಟ್ಟೆ ಎಂಬ ಪದ ಓದಿದ ಕ್ಷಣಕ್ಕೇ ತಪ್ಪು ತನ್ನ ಪಟ್ಟಿಯದೆಂದು ಅವಳಿಗೆ ತಿಳಿದಿತ್ತು. ಆದರೆ ಅವಳ ಬಾಯಿಂದ ಬಂದದ್ದು, "ಹುಡುಗಿ ಗಡಿಬಿಡಿ ಮಾಡ್ಕೊಂಡಿರ್ಬೇಕು ಬಿಡೇ," ಎಂಬ ಮಾತು. ಜೆಲ್ಮಾ ರಸ್ತೆ ದಾಟಿ ಹೋದ ಮೇಲೆ ಕನ್ನಡಕ ಹಾಕಿಕೊಂಡು, ಲಿನೆಟ್ ಬರೆದು ಮುಗಿಸಿ ಹಿಂತಿರುಗಿಸಿದ್ದ ನೋಟ್‌ಬುಕ್ಕು ತೆರೆದಳು. ಎಡಪುಟದಲ್ಲಿ ಇಪ್ಪತ್ತಮೂರು, ಬಲಪುಟದಲ್ಲಿ ಇಪ್ಪತ್ತನಾಲ್ಕು. ಹನ್ನೆರಡನೆಯ ಸಾಲಿನಲ್ಲಿ ಜೆಲ್ಮಾಳ ಎದುರಿಗೆ ತನ್ನ ಹಿಡಿಬಟ್ಟೆ. ಹದಿಮೂರರಲ್ಲಿ ಕಾರ್ನೀಲಿಯಾ ಸ್ಟಾಲ್‌ವರ್ತ್, ಎದುರಿಗೆ ಬೆಳ್ಳಿ ಸೌಟು. ಕಾರ್ನೀಲಿಯಾ ಕೊಟ್ಟದ್ದು ಫ್ಲಾರಿಡಾ ಪ್ರವಾಸದಲ್ಲಿ ಯಾವುದೋ ಹೋಟೆಲಿನವರು ಪುಕ್ಕಟೆ ಹಂಚಿದ, ಕಿತ್ತಳೆ ಹಣ್ಣಿನ ಆಕಾರದ ಉಪ್ಪಿನ ಡಬ್ಬಿ. ಸೌಟಿಗೆ ಬಂದ ಧನ್ಯವಾದವನ್ನು ಆ ಮಹಾತಾಯಿ ಕಣ್ಣು ಮಿಟುಕಿಸದೆ ಸ್ವೀಕರಿಸಿ, ಚರ್ಚಿನ ಹೆಂಗಸರ ಮುಂದೆ ಎರಡು ಸಲ ಓದಿ ತೋರಿಸಿದ್ದಳು. ಎರಡನೆಯ ಸಲ ಓದುವ ಹೊತ್ತಿಗೆ ತಾನೇ ಕೊಟ್ಟೆನೆಂದು ಅವಳಿಗೆ ನಂಬಿಕೆಯೂ ಬಂದಿತ್ತು.

ಮದುವೆಗೆ ಮುಂಚಿನ ಶನಿವಾರ ಹ್ಯಾಡನ್‌ರ ಮನೆಯಲ್ಲಿ ಉಡುಗೊರೆಗಳನ್ನು ಬಿಳಿ ಬಟ್ಟೆ ಹಾಸಿದ ಮೇಜುಗಳ ಮೇಲೆ ಜೋಡಿಸಿಟ್ಟು, ಪ್ರತಿಯೊಂದರ ಮುಂದೆ ಕೊಟ್ಟವರ ಹೆಸರಿನ ಚೀಟಿ ನಿಲ್ಲಿಸಿ, ಊರವರನ್ನು ನೋಡಲು ಕರೆಯುವ ದಿನ. ಚೀಟಿಗಳೂ ವೀಡಾಳ ಪಟ್ಟಿಯಿಂದಲೇ. ಮಾಂಟ್‌ಗಮರಿಯ ಅತ್ತೆಯೂ ಬರುವವಳಿದ್ದಳು.

ನಾಲ್ಕು ದಿನ ಯೋಚಿಸಿ ವೀಡಾ ಒಂದು ಉಪಾಯ ಹೂಡಿದಳು. ಒಂದು ಗಂಟೆ ಮೊದಲೇ ಹೋಗಿ, ಯಾರೂ ನೋಡದ ಹಾಗೆ, ಹತ್ತನೆಯ ಚೀಟಿಯಿಂದ ಈಚೆಗೆ ಒಂದೊಂದನ್ನೂ ಒಂದು ಸಾಮಾನಿನಷ್ಟು ಪಕ್ಕಕ್ಕೆ ಸರಿಸಿಬಿಡುವುದು. ಸೌಟಿನ ಮುಂದೆ ಜೆಲ್ಮಾಳ ಹೆಸರು ಬರುತ್ತದೆ, ಟವೆಲ್ಲಿಗೂ ಒಡತಿ ಸಿಗುತ್ತಾಳೆ, ಪಟ್ಟಿಯ ಮಾತೇ ಏಳುವುದಿಲ್ಲ. ಚೀಟಿ ಸರಿಯಿದ್ದು ಕಾಗದ ತಪ್ಪಿದ್ದರೆ ಊರು ಯಾರನ್ನು ಆಡಿಕೊಳ್ಳುತ್ತದೆ ಎಂಬುದು ಅವಳಿಗೆ ಹೊಳೆಯಲಿಲ್ಲವೆಂದಲ್ಲ, ಹೊಳೆದದ್ದನ್ನು ಅವಳು ಅತ್ತ ತಳ್ಳಿದ್ದಳು.

ಎರಡು ಚೀಟಿ ಸರಿಸಿ ಮೂರನೆಯದಕ್ಕೆ ಕೈಹಾಕಿದ್ದಳು. ಹಿಂದಿನಿಂದ ಲಿನೆಟ್ ಕರೆದಳು.

"ಮಿಸ್ ವೀಡಾ, ನಿಮ್ಮನ್ನೇ ಕೇಳ್ಬೇಕು ಅಂತಿದ್ದೆ. ನಾನೇನೋ ಕಾಗದ ತಪ್ಪು ಬರೆದಿದೀನಂತೆ. ಪಾರ್ಲರಲ್ಲಿ ಮಾತಾಡ್ತಿದಾರಂತೆ. ಯಾರನ್ನ ಕೇಳಿದ್ರೂ ಚೆನ್ನಾಗೇ ಇತ್ತು ಕಂದ ಅಂತಾರೆ." ಹುಡುಗಿಯ ಕಣ್ಣು ಕೆಂಪಾಗಿತ್ತು. "ನಿಮ್ಮ ಪಟ್ಟೀನ ಮೂರು ಸಲ ನೋಡ್ಕೊಂಡು ಬರೆದೆ. ಈ ವಿಷಯ ಇವತ್ತು ಅವರಮ್ಮನ ಕಿವಿಗೆ ಬಿದ್ರೆ? ಮೊದಲೇ ನನ್ನ ಕಂಡ್ರೆ ಅಷ್ಟಕ್ಕಷ್ಟೆ. ಎಲ್ಲಿ ತಪ್ಪಿದೆ ಅಂತ ನೀವಾದ್ರೂ ಹೇಳಿ."

ವೀಡಾ ಅವಳ ಮುಖ ನೋಡಿದಳು. ತನ್ನ ಬಗ್ಗೆ ತನಗೇ ಹೇಸಿಗೆಯಾಯಿತು. "ಹೋಗಿ ಮುಖ ತೊಳ್ಕೋ ಕಂದ," ಎಂದಷ್ಟೇ ಹೇಳಿ, ಅವಳು ಹೋದ ಮೇಲೆ ಸರಿಸಿದ್ದ ಎರಡು ಚೀಟಿಗಳನ್ನು ಮೊದಲಿನ ಜಾಗಕ್ಕೇ ಇಟ್ಟಳು.

ಮೂರು ಗಂಟೆಗೆ ಮನೆ ತುಂಬಿತು. ಹೆಂಗಸರು ಕೈಯಲ್ಲಿ ಪಾನಕದ ಲೋಟ ಹಿಡಿದು, ಚೀಸಿನ ಕಡ್ಡಿ ಕಡಿಯುತ್ತ ಮೇಜಿನ ಸುತ್ತ ನಿಧಾನವಾಗಿ ನಡೆದರು. ತಪ್ಪು ಕಾಗದ ಬಂದಿದ್ದ ಪ್ರತಿಯೊಬ್ಬಳೂ ತನ್ನ ಸಾಮಾನಿನ ಮುಂದೆ ಬೇರೊಬ್ಬಳ ಹೆಸರು ನೋಡಿ ಒಂದು ಚಣ ನಿಂತು, "ಎಷ್ಟು ಚೆನ್ನಾಗಿದೆ ಅಲ್ವಾ," ಎಂದು ಮುಂದೆ ಹೋದಳು. ಸೌಟಿನ ಹತ್ತಿರ ಕಾರ್ನೀಲಿಯಾ ಜಾಗ ಬಿಡದೆ ನಿಂತಿದ್ದಳು. ಮುತ್ತಿನ ಸರ ಹಾಕಿದ್ದ ಮಾಂಟ್‌ಗಮರಿಯ ಅತ್ತೆ ಎಲ್ಲವನ್ನೂ ನೋಡುತ್ತಿದ್ದಳು. ಜೆಲ್ಮಾ ಬಾಗಿಲ ಬಳಿಯೇ ಇದ್ದಳು. ಸೌಟು ಕಸಕ್ಕೆ ಹೋಗಿಲ್ಲವೆಂದು ಅಲ್ಲಿಂದಲೇ ಅವಳಿಗೆ ಕಂಡಿತ್ತು, ಅದರ ಮುಂದಿನ ಹೆಸರೂ ಕಂಡಿತ್ತು.

ವೀಡಾ ಕೈಚೀಲದಿಂದ ಕನ್ನಡಕ ತೆಗೆದು, ಎಲ್ಲರೆದುರಿಗೆ ಹಾಕಿಕೊಂಡಳು.

"ಒಂದ್ನಿಮಿಷ ಎಲ್ಲರೂ ಕೇಳಿ. ಈ ಮೇಜಿನ ಮೇಲೆ ಹತ್ತನೇದರಿಂದ ಈಚೆಗಿರೋ ಚೀಟಿ ಅಷ್ಟೂ ತಪ್ಪು. ನಿಮಗೆ ಬಂದ ಕಾಗದಾನೂ ತಪ್ಪು. ತಪ್ಪು ಮಾಡಿದ್ದು ಲಿನೆಟ್ ಅಲ್ಲ, ನಾನು. ಕಣ್ಣು ಕಾಣದಿದ್ರೂ ಕನ್ನಡಕ ಹಾಕ್ಕೊಳ್ದೆ ಬರೆದೆ. ಆಮೇಲೆ ಆ ಹುಡುಗಿ ಮೇಲೆ ಹಾಕಿದೆ."

ಮೊದಲು ಬಾಯಿ ತೆರೆದವಳು ಕಾರ್ನೀಲಿಯಾ.

"ವೀಡಾ, ಬಿಸಿಲಲ್ಲಿ ನಡ್ಕೊಂಡು ಬಂದ್ಯೇನೆ? ಯಾರಾದ್ರೂ ಇವಳಿಗೆ ಒಂದು ಕುರ್ಚಿ ಕೊಡ್ರೇ. ನಿನ್ನ ಪಟ್ಟಿ ಯಾವತ್ತಾದ್ರೂ ತಪ್ಪಿದ್ದುಂಟಾ?"

"ತಪ್ಪಿದೆ ಅಂತ ನಾನೇ ಹೇಳ್ತಿದೀನಲ್ಲ! ನೆಟ್ಟಿ, ಆ ವಾಫಲ್ ಹೆಂಚು ನಿಂದು ತಾನೆ?"

ನೆಟ್ಟಿ ಪೋಸ್ಟ್‌ಮಾಸ್ಟರನ ಹೆಂಡತಿ. ಹೆಂಚಿನ ಕಡೆ ಒಮ್ಮೆ ನೋಡಿದಳು, ಅದನ್ನು ಕೊಳ್ಳಲು ಅವಳು ಬರ್ಮಿಂಗ್‌ಹ್ಯಾಮ್ ತನಕ ಹೋಗಿದ್ದಳು. ಆಮೇಲೆ ಕನ್ನಡಕ ಹಾಕಿದ ವೀಡಾಳ ಮುಖ ನೋಡಿದಳು. "ಇಲ್ಲಪ್ಪ. ನಾನು ಲೋಟ ಕೊಟ್ಟೆ, ಲೋಟಕ್ಕೇ ಕಾಗದ ಬಂತು."

"ನಂದೂ ಸರಿಯಾಗೇ ಇತ್ತು," ಎಂದಳು ಟವೆಲ್ಲು ಕೊಟ್ಟವಳು. "ನಂದೂ," "ನಂದೂ," ಎಂದು ಸುತ್ತಲೂ ದನಿಗಳು ಎದ್ದವು. ಅತಿಥಿಯ ಮುಂದೆ ಮುದುಕಿಯೊಬ್ಬಳ ಮಾನ ಹೋಗಬಾರದೆಂದು ಅಷ್ಟೂ ದೇವರಭಕ್ತರು ಒಬ್ಬರ ಹಿಂದೊಬ್ಬರು ಸುಳ್ಳು ಹೇಳಿದರು. ವೀಡಾ ಕಲಿಸಿದ ಪಾಠವನ್ನೇ ಅವರು ಅವಳಿಗೆ ಒಪ್ಪಿಸುತ್ತಿದ್ದರು.

ಅವಳು ಬಾಗಿಲ ಕಡೆ ತಿರುಗಿದಳು. "ಜೆಲ್ಮಾ, ನೀನಾದ್ರೂ ಹೇಳೇ. ಆ ಸೌಟು ಯಾರದ್ದು?"

ಜೆಲ್ಮಾ ಸೌಟನ್ನು ನೋಡಿದಳು. ನನ್ನದು ಎಂದರೆ ಅದು ಅವಳದಾಗುತ್ತಿತ್ತು. ವೀಡಾಳ ಮೂವತ್ತೊಂದು ವರ್ಷದ ಕುರ್ಚಿ ಅಲ್ಲಿಗೆ ಮುಗಿಯುತ್ತಿತ್ತು. ಹದಿನಾಲ್ಕು ಕಾಗದ ಅದಲುಬದಲಾದ ಕತೆ ಅತ್ತೆಯ ಜೊತೆ ಮಾಂಟ್‌ಗಮರಿಗೆ ಹೋಗುತ್ತಿತ್ತು. ತನ್ನ ಹೆಗಲ ಮೇಲೆ ಮಲಗುತ್ತಿದ್ದ ಹುಡುಗಿ ಅತ್ತೆಯ ಪಕ್ಕದಲ್ಲಿ ಬಿಳಿಚಿಕೊಂಡು ನಿಂತಿದ್ದಳು.

"ನಾನು ಕೊಟ್ಟಿದ್ದು ಹಿಡಿಬಟ್ಟೆ ಕಣೇ ವೀಡಾ," ಎಂದಳು ಜೆಲ್ಮಾ. "ಹೆಣೆಯೋದು ನೀನೇ ಹೇಳ್ಕೊಟ್ಟಿದ್ದಲ್ವಾ, ಮರೆತುಬಿಟ್ಯಾ?"

ಹಳದಿ ಹೂವಿನ, ಕೆಂಪು ಅಂಚಿನ ಆ ಹಿಡಿಬಟ್ಟೆ ಯಾರ ಕೈಯದೆಂದು ಅಲ್ಲಿದ್ದ ಅಷ್ಟೂ ಹೆಂಗಸರಿಗೆ ಗೊತ್ತಿತ್ತು. ಎಲ್ಲರೂ ತಲೆಯಾಡಿಸಿದರು. ಮಾಂಟ್‌ಗಮರಿಯ ಅತ್ತೆ ಲಿನೆಟ್‌ಳ ಕೈ ಸವರಿ, "ಇಷ್ಟೊಂದು ಕಾಗದ, ಒಂದೂ ತಪ್ಪಿಲ್ಲದ ಹಾಗೆ ಬರೆದಿದೀಯಲ್ಲಮ್ಮ," ಎಂದಳು. ಲಿನೆಟ್ ಜೆಲ್ಮಾಳನ್ನೇ ನೋಡುತ್ತಿದ್ದಳು.

ಮದುವೆಯಲ್ಲಿ ಪಾನಕ ಬಡಿಸುವ ಗೌರವ ಹತ್ತಿರದ ಚಿಕ್ಕಮ್ಮನಿಗೋ ಸೋದರತ್ತೆಗೋ ಸಲ್ಲುವಂಥದ್ದು. ಲಿನೆಟ್ ಅದಕ್ಕೆ ಜೆಲ್ಮಾಳನ್ನು ನಿಲ್ಲಿಸಿದಳು, ಕಾರಣ ಹೇಳಲಿಲ್ಲ. ಎರಡು ಗಂಟೆ ಹೊತ್ತು ಆ ಸೌಟು ಜೆಲ್ಮಾಳ ಕೈಯಲ್ಲಿತ್ತು. ಕಾರ್ನೀಲಿಯಾ ಎರಡು ಸಲ ಬಂದು ಲೋಟ ಒಡ್ಡಿದಳು.

"ಸೌಟು ಕೈಗೆ ಹಿತವಾಗಿದೆಯಾ ಜೆಲ್ಮಾ? ತುಂಬ ಹುಡುಕಿ ಆರಿಸಿದ್ದು ನಾನು."

"ತುಂಬಾ ಹಿತವಾಗಿದೆ, ಮಿಸೆಸ್ ಸ್ಟಾಲ್‌ವರ್ತ್. ಆರಿಸಿದವರ ಕಣ್ಣು ಒಳ್ಳೇದು," ಎಂದು ಜೆಲ್ಮಾ ಲೋಟ ತುಂಬಿಸಿದಳು.

ವೀಡಾ ನೋಟ್‌ಬುಕ್ಕನ್ನು ಬೇರೆಯವರಿಗೆ ಒಪ್ಪಿಸಲು ಮೂರು ಮನೆ ತಿರುಗಿದಳು. ಯಾರೂ ತೆಗೆದುಕೊಳ್ಳಲಿಲ್ಲ. ನಿನ್ನಷ್ಟು ಸರಿಯಾಗಿ ಬರೆಯುವವರು ಯಾರಿದ್ದಾರೆ ಎಂದರು, ನಗದೆ. ಮುಂದಿನ ಶವರಿನಿಂದ ಅವಳ ಪಕ್ಕ ಇನ್ನೊಂದು ಕುರ್ಚಿ ಬಂತು. ಚೀಟಿಯ ಹೆಸರನ್ನು ಜೆಲ್ಮಾ ಓದುವಳು, ಕನ್ನಡಕ ಹಾಕಿಕೊಂಡು ವೀಡಾ ಬರೆಯುವಳು.

ಆದರೆ ಅದಕ್ಕೂ ಮೊದಲು ಇನ್ನೊಂದು ಕೆಲಸ ಬಾಕಿಯಿತ್ತು. ಉಡುಗೊರೆ ಜೋಡಿಸಿಟ್ಟಿದ್ದ ಆ ಶನಿವಾರದಿಂದ ಸರಿಯಾಗಿ ಎರಡು ವಾರಕ್ಕೆ, ಗಡುವಿನ ಕೊನೆಯ ದಿನ, ವೀಡಾ ಊಟದ ಮೇಜಿನ ಮೇಲೆ ಒಳ್ಳೆಯ ಕಾಗದ ಇಟ್ಟುಕೊಂಡು ಕೂತಳು. ಊರಿನ ಎಷ್ಟೋ ಹುಡುಗಿಯರಿಗೆ ಸಾಲು ಹೇಳಿಕೊಟ್ಟವಳಿಗೆ ಬೆಳಗಿನ ಹತ್ತರಿಂದ ಊಟದ ಹೊತ್ತಿನ ತನಕ ಒಂದು ಸಾಲೂ ಸರಿಬರಲಿಲ್ಲ. ಮೂರು ಹಾಳೆ ಹರಿದಳು. ಕೊನೆಗೆ ಬರೆದದ್ದನ್ನು ಲಕೋಟೆಗೆ ಹಾಕಿ, ಸ್ಟಾಂಪು ಹಚ್ಚಿ, ಎದುರುಮನೆಯ ಕಿಟಕಿಯಲ್ಲಿ ಜೆಲ್ಮಾ ಕಾಣುತ್ತಿದ್ದರೂ ಅತ್ತ ನೋಡದೆ, ಅಂಚೆಪೆಟ್ಟಿಗೆಯವರೆಗೆ ನಡೆದುಹೋಗಿ ಹಾಕಿ ಬಂದಳು.

ಸೋಮವಾರ ಜೆಲ್ಮಾ ಅದನ್ನು ತನ್ನ ಮೆಟ್ಟಿಲ ಮೇಲೆ ಕೂತು ಓದಿದಳು.

"ಪ್ರೀತಿಯ ಜೆಲ್ಮಾ, ಬೆಳ್ಳಿ ಸೌಟಿಗಾಗಿ ಧನ್ಯವಾದ. ಅದನ್ನು ನೀನು ನನಗೆ ಕೊಟ್ಟುಬಿಟ್ಟೆ. ಎಲ್ಲಿಡುತ್ತೇನೆಂದು ಬರೆಯಬೇಕು, ಕಟ್ಟಳೆ. ಇಷ್ಟು ದೊಡ್ಡದನ್ನು ಇಡುವಂಥ ಜಾಗ ನನ್ನ ಮನೆಯಲ್ಲಿ ಎಲ್ಲೂ ಕಾಣುತ್ತಿಲ್ಲ ಕಣೇ. ನಿನ್ನ ವೀಡಾ."